ಬೇಸಗೆಯ ಮುನ್ನೋಟವೂ ನಮ್ಮ ಕಟ್ಟಗಳೂ

ಫೆಬ್ರವರಿ ತಿಂಗಳು ಮುಗಿಯುತ್ತ ಬಂತೆಂದರೆ ವೃತ್ತಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಬರುತ್ತದೆ. ಮಾರ್ಚ್‌ನಿಂದ ಮೇ ವರೆಗಿನ ಮೂರು ತಿಂಗಳಲ್ಲಿ ದೇಶದ ಯಾವ ಭಾಗದಲ್ಲಿ ಸೆಕೆ ವಾಡಿಕೆಯನ್ನು ಮೀರಬಹುದು, ಎಲ್ಲಿ ಬಿಸಿಗಾಳಿಯ ದಿನಗಳು ಹೆಚ್ಚಬಹುದು ಎಂದು ಭಾರತ ಹವಾಮಾನ ಇಲಾಖೆ ಹೊರಡಿಸುವ ಮುನ್ನೋಟ ಅದು. ಇಲಾಖೆಯ ವಯಸ್ಸಿಗೆ ಹೋಲಿಸಿದರೆ ಈ ಪದ್ಧತಿ ತೀರ ಹೊಸದು. ಬೇಸಗೆಗೆಂದೇ ಇಂಥ ಮುನ್ನೋಟ ಹೊರಡತೊಡಗಿದ್ದು 2016ರಲ್ಲಿ. ಅದಕ್ಕೆ ಮುಂಚೆ ಋತುವಿನ ಮುನ್ಸೂಚನೆ ಎಂದರೆ ಜನರ ಪಾಲಿಗೆ ಮುಂಗಾರಿನದೇ ಆಗಿತ್ತು.

ಗಡಿನಾಡಿನವನಾದ ನಾನು ಈ ಸುದ್ದಿಯನ್ನು ಎರಡು ಭಾಷೆಗಳಲ್ಲಿ ಓದುತ್ತೇನೆ. ಮಂಗಳೂರಿನಿಂದ ಬರುವ ಕನ್ನಡ ಪತ್ರಿಕೆಯಲ್ಲಿ 'ಕರಾವಳಿ ಕರ್ನಾಟಕ' ಎಂದಿರುತ್ತದೆ. ಮಲಯಾಳ ಪತ್ರಿಕೆಯಲ್ಲಿ 'ಕೇರಳ' ಎಂದಿರುತ್ತದೆ. ಇಲಾಖೆ ದೇಶವನ್ನು 36 ಹವಾಮಾನ ಉಪವಿಭಾಗಗಳಾಗಿ ವಿಂಗಡಿಸಿದೆ. ಅದರಲ್ಲಿ ಕಾಸರಗೋಡು ಕೇರಳದ ಪಾಲಿನದು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ನಮ್ಮ ತಾಲೂಕನ್ನು ಬೇರ್ಪಡಿಸಿದ ಗೆರೆಯೇ ಇಂದು ಮಳೆ ಬಿಸಿಲುಗಳ ಲೆಕ್ಕದಲ್ಲಿಯೂ ಗೆರೆಯಾಗಿದೆ. ತಿರುವನಂತಪುರದಿಂದ ಮಂಜೇಶ್ವರದವರೆಗಿನ ನಾಡಿಗೆಲ್ಲ ಒಂದೇ ಸರಾಸರಿ. ಆದರೆ ನಮ್ಮ ಬೇಸಗೆ ತಿರುವನಂತಪುರದ ಬೇಸಗೆಯಲ್ಲ. ಪುತ್ತೂರು ಸುಳ್ಯಗಳ ಬೇಸಗೆಗೇ ಅದು ಹತ್ತಿರದ್ದು.

ಮುನ್ನೋಟಕ್ಕೆ ಒಂದು ಚರಿತ್ರೆಯಿದೆ. ಬೇಸಗೆಗೆ ಮೊದಲೇ ಸಿದ್ಧರಾಗುವ ಕೆಲಸಕ್ಕೂ ನಮ್ಮ ನೆಲದಲ್ಲಿ ಒಂದು ಚರಿತ್ರೆಯಿದೆ. ಮೊದಲನೆಯದು ಬೆಳೆಯುತ್ತ ಬಂತು, ಎರಡನೆಯದು ಕ್ಷೀಣಿಸುತ್ತ ಬಂತು. ಇವೆರಡನ್ನೂ ಒಟ್ಟಿಗಿಟ್ಟು ನೋಡುವುದು ಈ ಲೇಖನದ ಉದ್ದೇಶ.

ಮಳೆಯ ನಾಡಿನ ಬಾಯಾರಿಕೆ

ಕಾಸರಗೋಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸಿನದು. ಮುಂಗಾರಿನ ನಾಲ್ಕು ತಿಂಗಳಲ್ಲಿ ಕೇರಳದ ಸರಾಸರಿ ಎರಡು ಸಾವಿರದಷ್ಟಾದರೆ ನಮ್ಮ ಜಿಲ್ಲೆಯದು ಎರಡು ಸಾವಿರದ ಎಂಟುನೂರಕ್ಕೂ ಮೇಲೆ. ಇಷ್ಟು ಮಳೆಯ ನಾಡಿನಲ್ಲಿ ನೀರಿಗೆ ಕಷ್ಟವೇ ಎಂದು ಘಟ್ಟದ ಮೇಲಿನವರು ಕೇಳುವುದುಂಟು. ಬಾಯಾರು ಎಂಬ ಊರಿನ ಹೆಸರನ್ನು ಕೇಳಿ ನಗುವವರೂ ಇದ್ದಾರೆ.

ಕಷ್ಟದ ಮೂಲ ಮಳೆಯ ಪ್ರಮಾಣದಲ್ಲಿಲ್ಲ, ಅದು ಬೀಳುವ ಕ್ರಮದಲ್ಲಿದೆ. ನೂರಕ್ಕೆ ಎಂಬತ್ತರಷ್ಟು ಮಳೆ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ದಕ್ಷಿಣ ಕೇರಳಕ್ಕೆ ತುಲಾವರ್ಷವೆಂಬ ಹಿಂಗಾರೂ ಬೇಸಗೆಯ ಅಡ್ಡಮಳೆಗಳೂ ಸಾಕಷ್ಟು ಸಿಗುತ್ತವೆ. ಉತ್ತರಕ್ಕೆ ಬಂದಂತೆ ಇವೆರಡೂ ಕಡಮೆಯಾಗುತ್ತವೆ. ಹಾಗಾಗಿ ಅತಿ ಹೆಚ್ಚು ಮುಂಗಾರು ಕಾಣುವ ನಾವೇ ಅತಿ ಉದ್ದದ ಒಣ ಕಾಲವನ್ನೂ ಕಾಣುತ್ತೇವೆ. ಡಿಸೆಂಬರಿನಿಂದ ಮೇ ನಡುವಿನವರೆಗೆ ಹನಿಯಿಲ್ಲದೆ ಕಳೆದ ವರ್ಷಗಳು ಹಿರಿಯರ ನೆನಪಿನಲ್ಲಿವೆ.

ಇನ್ನೊಂದು ಕಾರಣ ನೆಲದ್ದು. ನಮ್ಮ ಗುಡ್ಡಗಳೆಲ್ಲ ಮುರಕಲ್ಲಿನವು. ಫ್ರಾನ್ಸಿಸ್ ಬುಕಾನನ್ ಎಂಬ ಆಂಗ್ಲ ಕಂಪೆನಿಯ ವೈದ್ಯನು 1800-01ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳಲ್ಲಿ ಸಂಚರಿಸಿದನು. ಮಲಬಾರಿನ ಅಂಗಡಿಪ್ಪುರದ ಬಳಿ ಜನರು ಈ ಕಲ್ಲನ್ನು ನೆಲದಿಂದ ಇಟ್ಟಿಗೆಯಂತೆ ಕಡಿದು ತೆಗೆಯುವುದನ್ನು ಕಂಡು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ 'ಲ್ಯಾಟರೈಟ್' ಎಂದು ಹೆಸರಿಟ್ಟನು. 1807ರಲ್ಲಿ ಅಚ್ಚಾದ ಅವನ ಪ್ರವಾಸ ಗ್ರಂಥದಿಂದ ಆ ಹೆಸರು ಲೋಕಕ್ಕೆಲ್ಲ ಹಬ್ಬಿತು. 1801ರ ಜನವರಿಯಲ್ಲಿ ಅವನು ನಮ್ಮ ಕಡಲತಡಿಯ ದಾರಿಯಾಗಿಯೇ ಮಂಗಳೂರಿನತ್ತ ಸಾಗಿದ್ದನು. ಈ ಕಲ್ಲಿನ ಮೈಯೆಲ್ಲ ತೂತು. ಮಳೆಗಾಲದಲ್ಲಿ ಬೇಗ ನೀರು ಕುಡಿಯುತ್ತದೆ, ಮಳೆ ನಿಂತ ಮೇಲೆ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಜಿಲ್ಲೆಯಲ್ಲಿ ಹನ್ನೆರಡು ಹೊಳೆಗಳಿವೆ. ಪಯಸ್ವಿನಿ ಎಂಬ ಹೆಸರಿನಿಂದ ಕೊಡಗಿನ ಕಡೆಯಿಂದ ಸುಳ್ಯದ ಮೂಲಕ ಇಳಿದು ಬರುವ ಚಂದ್ರಗಿರಿಯೇ ಅವುಗಳಲ್ಲಿ ಉದ್ದವಾದದ್ದು. ಅದಕ್ಕೂ ನೂರೈದು ಕಿಲೋಮೀಟರಿನ ಓಟ ಮಾತ್ರ. ಶಿರಿಯ, ಉಪ್ಪಳ, ಮೊಗ್ರಾಲುಗಳು ಇನ್ನೂ ಗಿಡ್ಡ. ಗುಡ್ಡ ಬಿಟ್ಟುಕೊಟ್ಟ ನೀರು ಹೊಳೆ ಸೇರಿ ಬಹು ಬೇಗ ಸಮುದ್ರದ ಪಾಲಾಗುತ್ತದೆ.

ಪಂಚಾಂಗದ ಬೇಸಗೆ

ಹಳೆಯ ಕಾಲದ ಮುನ್ನೋಟ ಪಂಚಾಂಗದಲ್ಲಿತ್ತು. ವಿಷುವಿನ ದಿನ ಕಣಿ ಕಂಡಾದ ಮೇಲೆ ಮನೆಯ ಹಿರಿಯರು ವರ್ಷಫಲ ಓದುತ್ತಿದ್ದರು: ಈ ವರ್ಷ ಮೇಘಾಧಿಪತಿ ಯಾರು, ಸಸ್ಯಾಧಿಪತಿ ಯಾರು, ಮಳೆ ಎಷ್ಟು ಆಢಕ. ಮಲಯಾಳಿಗಳ ಮನೆಗಳಲ್ಲಿ ಇದೇ ವಿಷುಫಲ. ಅವರ ಲೆಕ್ಕ ಪರೆಯದು. ಮಳೆಯನ್ನು ಧಾನ್ಯದಂತೆ ಅಳೆಯುವ ಈ ಕ್ರಮ ಬಹಳ ಪುರಾತನವಾದದ್ದು. ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರದಲ್ಲಿದ್ದ ಓಲೆಗರಿಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಉಗ್ರಾಣದ ಮುಂದೆ ಮಳೆ ಅಳೆಯುವ ಪಾತ್ರೆಯಿಡಬೇಕೆಂಬ ವಿಧಿಯಿದೆ. ಯಾವ ದೇಶಕ್ಕೆ ಎಷ್ಟು ದ್ರೋಣ ಮಳೆ ಎಂಬ ಪಟ್ಟಿಯೂ ಇದೆ. ಒಣನಾಡಿಗೆ ಹದಿನಾರು ದ್ರೋಣ, ಅವಂತಿಗೆ ಇಪ್ಪತ್ತಮೂರು. ಪಡುವಣ ಕರಾವಳಿಯಾದ ಅಪರಾಂತಕ್ಕೆ ಮಾತ್ರ ಸಂಖ್ಯೆ ಕೊಡದೆ 'ಅಮಿತ' ಎಂದು ಬಿಟ್ಟಿದ್ದಾನೆ. ಕರಾವಳಿಯ ಮಳೆ ಅಳತೆಗೆ ಸಿಗದ್ದು ಎಂಬ ಈ ನಂಬಿಕೆ ನಮ್ಮನ್ನೂ ಬಹುಕಾಲ ಮೈಮರೆಸಿತು ಎಂದು ನನಗೆ ಅನಿಸುತ್ತದೆ.

ಆಢಕದ ಲೆಕ್ಕ ನಿಜವಾಗುತ್ತಿತ್ತೆ ಎಂಬುದು ಬೇರೆ ಮಾತು. ಪಂಚಾಂಗದ ನಿಜವಾದ ಉಪಯೋಗ ಇನ್ನೊಂದಿತ್ತು. ಅದು ಕೆಲಸದ ಕಾಲವನ್ನು ಹೇಳುತ್ತಿತ್ತು. ಮಕರ ಮಾಸದ ಕೊನೆಗೆ ಕೆಡ್ಡಸ; ಭೂಮಿತಾಯಿ ಋತುಮತಿಯಾದಳೆಂದು ಆ ದಿನಗಳಲ್ಲಿ ತುಳುನಾಡಿನಲ್ಲಿ ನೆಲ ಅಗೆಯುವಂತಿಲ್ಲ. ಅದಾದ ಮೇಲೆ ಬಿಸಿಲಿನ ಕಾಲ. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ ತಿಂಗಳ ಕೊನೆಯ ವಾರದ ಹೊತ್ತಿಗೆ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಬೇಕು, ಕೋಲಗಳು ನಿಲ್ಲಬೇಕು. ಚಂದ್ರಗಿರಿಯ ತೆಂಕಣದಲ್ಲಿ ತುಲಾಂ ಹತ್ತಕ್ಕೆ ಮೊದಲಾದ ತೆಯ್ಯಂಗಳು ಇಡವಪ್ಪಾತಿಯ ಹೊತ್ತಿಗೆ ಮುಗಿಯುತ್ತವೆ. ಇಡವಪ್ಪಾತಿ ಎಂದರೆ ಇಡವ ಮಾಸದ ಅರ್ಧ. ಮಲಯಾಳದಲ್ಲಿ ಮುಂಗಾರಿಗೂ ಅದೇ ಹೆಸರು. ಕನ್ನಡಿಗರು ಆರಿದ್ರಾ ಮಳೆ ಎನ್ನುವುದನ್ನು ಮಲಯಾಳಿಗಳು ತಿರುವಾದಿರ ಞಾಟ್ಟುವೇಲ ಎನ್ನುತ್ತಾರೆ; ನಕ್ಷತ್ರ ಒಂದೇ. ಪರದೇಶಿಗಳು ಕರಿಮೆಣಸಿನ ಬಳ್ಳಿಯನ್ನು ಒಯ್ದರೆ ಒಯ್ಯಲಿ, ನಮ್ಮ ತಿರುವಾದಿರವನ್ನು ಒಯ್ಯಲಾರರಷ್ಟೆ ಎಂದು ಸಾಮೂದಿರಿ ಹೇಳಿದನೆಂಬ ಐತಿಹ್ಯವನ್ನು ಇಲ್ಲಿನ ಎರಡೂ ಭಾಷೆಯವರು ಬಲ್ಲರು.

ಸರಕಾರದ ಮುನ್ಸೂಚನೆ

ಸರಕಾರದ ಮುನ್ಸೂಚನೆ ಹುಟ್ಟಿದ್ದು ಬರದಿಂದ. ಹವಾಮಾನ ಇಲಾಖೆಯ ಸ್ಥಾಪನೆ 1875ರಲ್ಲಿ ಆಯಿತು. ಮರುವರ್ಷವೇ ಮೊದಲಾಗಿ 1878ರವರೆಗೆ ಮೈಸೂರು, ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಮಹಾಕ್ಷಾಮ ಬಂತು. ಮುಂದಿನ ಮಳೆಯ ಗತಿಯನ್ನು ಮೊದಲೇ ತಿಳಿಯಬಹುದೇ ಎಂದು ಸರಕಾರ ಕೇಳಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಹಿಮಾಲಯದಲ್ಲಿ ಹಿಮ ಹೆಚ್ಚಿದ ವರ್ಷ ಮುಂಗಾರು ಕುಗ್ಗುತ್ತದೆ ಎಂಬ ಸಂಬಂಧವನ್ನು ಹಿಡಿದು 1882ರಿಂದ ಪ್ರಾಯೋಗಿಕವಾಗಿ, 1886ರಿಂದ ಕ್ರಮವಾಗಿ ಮುನ್ಸೂಚನೆ ಕೊಡತೊಡಗಿದನು. ಅವನ ನಂತರ ಬಂದ ಜಾನ್ ಎಲಿಯಟ್ 1899ರಲ್ಲಿ ಒಳ್ಳೆಯ ಮಳೆಯಾಗುವುದೆಂದು ಹೇಳಿದನು. ಬಂದದ್ದು ಘೋರ ಬರ.

1904ರಲ್ಲಿ ಅಧಿಕಾರ ವಹಿಸಿಕೊಂಡ ಗಿಲ್ಬರ್ಟ್ ವಾಕರ್ ಗಣಿತಜ್ಞ. ಲೋಕದ ನಾನಾ ಕಡೆಯ ವಾಯುಭಾರ, ಉಷ್ಣತೆ, ಮಳೆಗಳ ಅಂಕಿಗಳನ್ನು ಕಲೆಹಾಕಿ, ಭಾರತೀಯ ಗುಮಾಸ್ತರಿಂದ ವರ್ಷಗಟ್ಟಲೆ ಲೆಕ್ಕ ಮಾಡಿಸಿದನು. ಪೆಸಿಫಿಕ್ ಸಾಗರದ ಕಡೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಇಲ್ಲಿ ಏರಿದಾಗ ಅಲ್ಲಿ ಇಳಿಯುತ್ತದೆ ಎಂದು ಕಂಡುಕೊಂಡು ಅದಕ್ಕೆ 'ದಕ್ಷಿಣದ ತೂಗಾಟ' ಎಂಬರ್ಥದ ಹೆಸರು ಕೊಟ್ಟನು. ಪೆರು ದೇಶದ ಬೆಸ್ತರು ಎಲ್ ನಿನೊ ಎಂದು ಕರೆಯುತ್ತಿದ್ದ ಸಮುದ್ರದ ಬಿಸಿಗೂ ಈ ತೂಗಾಟಕ್ಕೂ ಇರುವ ನಂಟನ್ನು ಜೇಕಬ್ ಬ್ಯರ್ಕ್‌ನೆಸ್ 1969ರಲ್ಲಿ ವಿವರಿಸಿದನು. ಇಂದಿನ ಬೇಸಗೆಯ ಮುನ್ನೋಟದಲ್ಲಿಯೂ ಎಲ್ ನಿನೊ ಪ್ರಸ್ತಾಪ ಬರುವುದು ಈ ಪರಂಪರೆಯಿಂದ.

ಇಷ್ಟೆಲ್ಲ ಬೆಳವಣಿಗೆಯ ನಂತರವೂ ಮುನ್ನೋಟ ಹೇಳುವುದು ಸಂಭವವನ್ನೇ ಹೊರತು ನಿಶ್ಚಯವನ್ನಲ್ಲ. ವಾಡಿಕೆಗಿಂತ ಹೆಚ್ಚು, ವಾಡಿಕೆಯಷ್ಟು, ಕಡಮೆ ಎಂಬ ಮೂರರಲ್ಲಿ ಯಾವುದಕ್ಕೆ ಹೆಚ್ಚು ಸಾಧ್ಯತೆ ಎಂಬುದನ್ನು. ಅದೂ ವಿಶಾಲವಾದ ಪ್ರದೇಶಕ್ಕೆ. ಕರಾವಳಿಯಲ್ಲಿ ಗರಿಷ್ಠ ಉಷ್ಣತೆ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಮೀರಿದರೆ ಬಿಸಿಗಾಳಿ ಎಂಬುದು ಇಲಾಖೆಯ ನಿಯಮ. ಬಯಲುಸೀಮೆಗೆ ಆ ಮಿತಿ 40. ಈ ವ್ಯತ್ಯಾಸ ನ್ಯಾಯವಾದದ್ದು. ಗಾಳಿಯಲ್ಲಿ ಕಡಲಿನ ತೇವ ತುಂಬಿರುವಾಗ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ನಮ್ಮ 35 ಡಿಗ್ರಿಯ ಸಂಕಟ ರಾಯಚೂರಿನವರಿಗೆ ಹೇಳಿದರೆ ತಿಳಿಯಲಾರದು.

ಸುರಂಗ, ಕಟ್ಟ, ಕೊಳಕೆ

ಬೇಸಗೆ ಹೇಗಿರುತ್ತದೆಂದು ಮೊದಲೇ ತಿಳಿಯುವ ಸಾಧನ ನಮ್ಮ ಹಿರಿಯರಲ್ಲಿರಲಿಲ್ಲ. ಪ್ರತಿ ಬೇಸಗೆಯೂ ಕಠಿಣವೇ ಎಂದಿಟ್ಟುಕೊಂಡು ಅವರು ಕೆಲಸ ಮಾಡಿದರು.

ಮೊದಲನೆಯದು ಸುರಂಗ. ಮಲಯಾಳದಲ್ಲಿ ತುರಂಗಂ. ಬಾಯಾರು, ಪಡ್ರೆ, ಎಣ್ಮಕಜೆ ಮುಂತಾದ ಊರುಗಳ ಗುಡ್ಡಗಳ ಬದಿಯಲ್ಲಿ, ಒಬ್ಬ ಮನುಷ್ಯ ಒಳಹೊಗುವಷ್ಟು ಅಗಲ ಎತ್ತರದಲ್ಲಿ ಅಡ್ಡಕ್ಕೆ ಕೊರೆದ ಬಾವಿ ಅದು. ಕೆಲವು ನಾಲ್ಕೈದು ಮೀಟರಿಗೆ ನೀರು ಕೊಟ್ಟಿವೆ, ಕೆಲವು ಮುನ್ನೂರು ಮೀಟರಿನವರೆಗೂ ಹೋಗಿವೆ. ಗುಡ್ಡದ ಮೇಲಿನ ಗಿಡಮರಗಳನ್ನೂ ಹುತ್ತಗಳನ್ನೂ ನೋಡಿ ಜಾಗ ಗುರುತಿಸುತ್ತಿದ್ದರು. ಒಳಗೆ ದೀಪ ಮಂಕಾದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಬರುತ್ತಿದ್ದರು. ಮುರಕಲ್ಲು ತಾನಾಗಿಯೇ ಬಿಟ್ಟುಕೊಡುವ ನೀರು ಹನಿಹನಿಯಾಗಿ ಜಿನುಗಿ, ಸಣ್ಣ ಕಾಲುವೆಯಲ್ಲಿ ಹರಿದು ಅಂಗಳದ ಕೆರೆಗೆ ಬರುತ್ತದೆ. ಪಂಪು ಬೇಡ, ಹಗ್ಗ ರಾಟೆ ಬೇಡ. ಅರಬರ ಮೂಲಕ ಪರ್ಶಿಯಾದ ಕಾನಾತಿನ ವಿದ್ಯೆ ಇಲ್ಲಿಗೆ ಬಂದಿರಬಹುದೆಂದು ಕೆಲವರೂ, ಇಲ್ಲಿನವರೇ ಕಂಡುಕೊಂಡದ್ದೆಂದು ಕೆಲವರೂ ವಾದಿಸುತ್ತಾರೆ. ಅದು ಹೇಗೇ ಇರಲಿ, ಕೊರೆದವರು ನಮ್ಮೂರ ತುಳು, ಮಲಯಾಳ, ಕನ್ನಡ ಮಾತಾಡುವ ಕೂಲಿಯಾಳುಗಳು.

ಎರಡನೆಯದು ಕಟ್ಟ. ಧನು-ಮಕರ ಮಾಸಗಳಲ್ಲಿ ತೋಡಿನ ಹರಿವು ಇಳಿದಾಗ ಕಲ್ಲು, ಮಣ್ಣು, ಅಡಿಕೆ ಮರದ ದಂಬೆ, ಸೊಪ್ಪು ಹಾಕಿ ಊರವರು ಸೇರಿ ಅಡ್ಡ ಕಟ್ಟುತ್ತಿದ್ದರು. ಮಳೆಗಾಲದಲ್ಲಿ ಅದು ಕೊಚ್ಚಿ ಹೋಗುತ್ತಿತ್ತು, ಮರುವರ್ಷ ಮತ್ತೆ ಕಟ್ಟುವುದು. ಕುಂಬ್ಡಾಜೆಯ ಏತಡ್ಕದಲ್ಲಿ ಒಂದರ ಕೆಳಗೊಂದರಂತೆ ಸಾಲುಕಟ್ಟಗಳ ಪದ್ಧತಿ ಇತ್ತೀಚಿನವರೆಗೂ ನಡೆದುಬಂದು ಪ್ರಸಿದ್ಧವಾಗಿದೆ. ಏಣೆಲು, ಸುಗ್ಗಿ, ಕೊಳಕೆ ಎಂಬ ಮೂರು ಬತ್ತದ ಬೆಳೆಗಳಲ್ಲಿ ಕೊನೆಯದಾದ ಕೊಳಕೆ, ಮಲಯಾಳದ ಪುಂಜ, ಪೂರ್ತಿಯಾಗಿ ಕಟ್ಟದ ನೀರಿನ ಬೆಳೆ. ಕಟ್ಟದಿಂದ ಸಿಗುವ ಕಣ್ಣಿಗೆ ಕಾಣದ ಲಾಭ ಇನ್ನೊಂದು: ನಿಂತ ನೀರು ಇಕ್ಕೆಲದ ನೆಲಕ್ಕೆ ಇಳಿದು ಬಾವಿಗಳನ್ನು ಕಾಯುತ್ತಿತ್ತು. ಗುಡ್ಡದ ಮೇಲಿನ ಮದಕ, ಪಳ್ಳಗಳೂ ಮಾಡುತ್ತಿದ್ದುದು ಇದನ್ನೇ.

ಮಳೆ ಸಾಲದ ವರ್ಷ ಕಟ್ಟಕ್ಕೆ ಬರಲು ಉದಾಸೀನ ತೋರಿದವರಿಗೆ ನನ್ನ ಅಜ್ಜ ಹವ್ಯಕ ಭಾಷೆಯಲ್ಲಿ ಹೇಳುತ್ತಿದ್ದ ಮಾತು ನೆನಪಿದೆ: 'ಮಳೆ ಬಪ್ಪದು ನಮ್ಮ ಕೈಲಿ ಇಲ್ಲೆ. ಕಟ್ಟ ಕಟ್ಟುದು ನಮ್ಮ ಕೈಲಿ ಇದ್ದನ್ನೆ.'

1983

ನಾನು ಕಣ್ಣಾರೆ ಕಂಡ ದೊಡ್ಡ ಬರ 1983ರದು. 1982-83ರ ಎಲ್ ನಿನೊ ಆ ಶತಮಾನದ ಪ್ರಬಲವಾದವುಗಳಲ್ಲಿ ಒಂದೆಂದು ಆಮೇಲೆ ಓದಿದೆ. ಆಗ ನಮಗೆ ಆ ಶಬ್ದವೇ ಗೊತ್ತಿರಲಿಲ್ಲ. ಕೇರಳವಿಡೀ ಆ ಬೇಸಗೆಯಲ್ಲಿ ಒಣಗಿತು. ಮುಂಗಾರು ವಾಡಿಕೆಯಂತೆ ಜೂನ್ 1ರ ಹೊತ್ತಿಗೆ ಕೇರಳವನ್ನು ಮುಟ್ಟಬೇಕು. 1918ರಲ್ಲಿ ಅದು ಮೇ 11ಕ್ಕೇ ಬಂದಿತ್ತು, 1972ರಲ್ಲಿ ಜೂನ್ 18ರವರೆಗೆ ಕಾಯಿಸಿತ್ತು. 1983ರಲ್ಲಿ ಬಂದದ್ದು ಜೂನ್ ಎರಡನೆಯ ವಾರದಲ್ಲಿ. ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೂ ಆಕಾಶ ಬರಿದಾಗಿಯೇ ಇತ್ತು.

ನಮ್ಮ ಮನೆಯ ಬಾವಿ ಮೀನ ಮಾಸದಲ್ಲಿಯೇ ತಳ ಕಂಡಿತು. ಅಜ್ಜನ ಅಜ್ಜನ ಕಾಲದ್ದೆಂದು ಹೇಳುವ ಸುರಂಗವೊಂದು ಮನೆಯ ಹಿಂದಿನ ದರೆಯಲ್ಲಿತ್ತು. ಅದರ ನೀರು ಕಿರುಬೆರಳ ಗಾತ್ರಕ್ಕೆ ಇಳಿಯಿತಾದರೂ ನಿಲ್ಲಲಿಲ್ಲ. ಸುತ್ತಲಿನ ಮನೆಗಳವರು ಕೊಡಪಾನ ಹಿಡಿದು ಬರತೊಡಗಿದರು. ಬ್ಯಾರಿಗಳು, ಮಲಯಾಳಿಗಳು, ಕೊಂಕಣಿಯವರು, ತುಳುವರು, ಎಲ್ಲರೂ. ಒಂದು ಕೊಡ ತುಂಬಲು ಕಾಲು ಗಂಟೆಗೂ ಮಿಕ್ಕಿ ಬೇಕಾಗುತ್ತಿತ್ತು. ಮನೆಗೆ ಒಂದು ಕೊಡ, ಅದಾದ ಮೇಲೆ ಸರದಿ ಮತ್ತೆ ಬಂದರೆ ಇನ್ನೊಂದು. ಮನೆಯವರಾದ ನಮಗೂ ಅದೇ ನಿಯಮ. ರಾತ್ರಿ ಹನ್ನೆರಡಕ್ಕೂ ಸುರಂಗದ ಬಾಯಲ್ಲಿ ಚಿಮಿಣಿ ದೀಪವಿರುತ್ತಿತ್ತು. ಕುಡಿಯಲು ಸಿಕ್ಕಿತು, ತೋಟಕ್ಕೆ ಸಿಗಲಿಲ್ಲ. ಮೇಲಿನ ಬದಿಯ ಅಡಿಕೆ ಮರಗಳ ಸೋಗೆ ಹಳದಿಯಾಗಿ ತಲೆ ಬಾಗಿದ್ದನ್ನು ಅಜ್ಜ ಅಂಗಳದಿಂದ ನೋಡುತ್ತ ಕುಳಿತುಕೊಳ್ಳುತ್ತಿದ್ದರು. ನೋಡಲು ಹತ್ತಿರ ಹೋಗುತ್ತಿರಲಿಲ್ಲ.

ಬರ ಮಳೆಯೊಂದಿಗೆ ಮುಗಿಯುವುದಿಲ್ಲ ಎಂಬುದನ್ನು ತೆಂಗು ಕಲಿಸಿತು. ತೆಂಗಿನ ಹೊಂಬಾಳೆಯ ಮೊಳಕೆ ಮರದೊಳಗೆ ಮೂಡಿದ ಮೇಲೆ ಕಾಯಿ ಬಲಿಯಲು ಸುಮಾರು 44 ತಿಂಗಳು ಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ. 1916ರಲ್ಲಿ ಮದರಾಸು ಸರಕಾರದ ತೆಂಗು ಸಂಶೋಧನ ಕೇಂದ್ರವಾಗಿ ಆರಂಭವಾಗಿ, 1970ರಲ್ಲಿ ಕೇಂದ್ರ ತೋಟಗಾರಿಕಾ ಬೆಳೆಗಳ ಸಂಶೋಧನಾಲಯವಾದ ಸಂಸ್ಥೆ ಕಾಸರಗೋಡಿನಲ್ಲಿಯೇ ಇದೆ; ಬರ ಮತ್ತು ತೆಂಗಿನ ಫಸಲಿನ ಸಂಬಂಧವನ್ನು ಅಲ್ಲಿ ವಿವರವಾಗಿ ಅಭ್ಯಸಿಸಿದ್ದಾರೆ. ಒಂದು ಬೇಸಗೆಯ ಪೆಟ್ಟು ಮುಂದಿನ ಮೂರು ನಾಲ್ಕು ವರ್ಷಗಳ ಫಸಲಿನಲ್ಲಿ ಕಾಣುತ್ತದೆ. 1983ರ ಸಾಲ ತೀರಿಸುತ್ತಿದ್ದಾಗ ಅದೇ ಬೇಸಗೆ ನಮ್ಮ ತೆಂಗಿನ ತಲೆಯಲ್ಲಿ ಇನ್ನೂ ಇತ್ತು.

ಕೊಳವೆಬಾವಿಯ ನಂತರ

ಆ ಬರದ ನೆನಪೇ ನಮ್ಮನ್ನು ಕೊಳವೆಬಾವಿಯತ್ತ ತಳ್ಳಿತು. ತೊಂಬತ್ತರ ದಶಕದಲ್ಲಿ ಊರೂರಿಗೆ ಯಂತ್ರ ಬಂತು, ನಮ್ಮಲ್ಲಿಯೂ ಕೊರೆಸಿದೆವು. ಒಂದೇ ದಿನದಲ್ಲಿ ನೀರು ಚಿಮ್ಮಿತು. ಸ್ಪ್ರಿಂಕ್ಲರು ತಿರುಗಿತು. ಕಟ್ಟದ ಕೆಲಸಕ್ಕೆ ಜನ ಕೂಡುವುದು ಕಡಮೆಯಾಯಿತು, ಆಮೇಲೆ ನಿಂತೇ ಹೋಯಿತು. ಕೊಳಕೆ ಬೆಳೆಯುವ ಗದ್ದೆಗಳು ಅಡಿಕೆ ತೋಟಗಳಾದವು. ಗುಡ್ಡದ ಮುರಕಲ್ಲನ್ನು ಯಂತ್ರದಿಂದ ಕಡಿದು ಲಾರಿಗಳಲ್ಲಿ ಸಾಗಿಸಿದರು. ಇದರಲ್ಲಿ ಯಾರನ್ನೋ ದೂರುವುದಕ್ಕೆ ನನಗೆ ಬಾಯಿಲ್ಲ. ನಮ್ಮ ಮನೆಯಿಂದ ಕಟ್ಟಕ್ಕೆ ಹೋಗುವುದನ್ನು ಮೊದಲು ನಿಲ್ಲಿಸಿದವನು ನಾನೇ.

2016ರ ಮುಂಗಾರಿಗೆ ಮುನ್ಸೂಚನೆ ಬಹಳ ಆಶಾದಾಯಕವಾಗಿತ್ತು: ದೇಶಕ್ಕೆ ವಾಡಿಕೆಯ ನೂರಾರು ಭಾಗ, ಅಂದರೆ ಶೇಕಡಾ 106. ಕೊನೆಗೆ ದೇಶದಲ್ಲಿ ಬಿದ್ದದ್ದು ಶೇಕಡಾ 97. ದೊಡ್ಡ ತಪ್ಪೇನೂ ಅಲ್ಲ. ಆದರೆ ಕೇರಳದಲ್ಲಿ ಮೂರನೆಯ ಒಂದು ಪಾಲು ಕೊರತೆಯಾಯಿತು, ಅಕ್ಟೋಬರಿನಲ್ಲಿ ರಾಜ್ಯವನ್ನೇ ಬರಪೀಡಿತವೆಂದು ಸಾರಿದರು. ದೇಶದ ಸರಾಸರಿ ಕೇರಳಕ್ಕೆ ಹೊಂದಲಿಲ್ಲ. ಕೇರಳದ ಸರಾಸರಿ ನಮ್ಮ ಗುಡ್ಡಕ್ಕೆ ಎಷ್ಟು ಹೊಂದೀತು? 2017ರ ಬೇಸಗೆಯಲ್ಲಿ ನಮ್ಮ ಕೊಳವೆಬಾವಿಯಿಂದ ಬಂದದ್ದು ಗಾಳಿ. ಅದೇ ವರ್ಷದ ಅಂತರ್ಜಲದ ಅಂದಾಜಿನಲ್ಲಿ ಕಾಸರಗೋಡು ಬ್ಲಾಕನ್ನು 'ಕ್ರಿಟಿಕಲ್' ವರ್ಗಕ್ಕೆ ಸೇರಿಸಿದ್ದರು. 2023ರಲ್ಲಿ ಎಲ್ ನಿನೊ ಬಂದಾಗಲೂ ಕೇರಳದ ಮುಂಗಾರು ಹೆಚ್ಚುಕಡಮೆ ಅಷ್ಟೇ ಕುಸಿಯಿತು. 2024ರ ಏಪ್ರಿಲಿನಲ್ಲಿ ಪಾಲಕ್ಕಾಡಿನಲ್ಲಿ ಬಿಸಿಗಾಳಿಯ ಘೋಷಣೆಯಾಯಿತು.

ಪೇಟೆಯವರ ಕಥೆಯೂ ಬೇರೆಯಲ್ಲ. ಚಂದ್ರಗಿರಿಯ ಹರಿವು ಕುಗ್ಗಿದಾಗ ಕಡಲ ನೀರು ಬಾವಿಕ್ಕರೆಯವರೆಗೆ ಏರಿ, ಕಾಸರಗೋಡಿನ ನಲ್ಲಿಗಳಲ್ಲಿ ಉಪ್ಪುನೀರು ಬಂದ ಬೇಸಗೆಗಳನ್ನು ಯಾರೂ ಮರೆತಿರಲಾರರು. ವರ್ಷವರ್ಷವೂ ಮರಳಿನ ಚೀಲಗಳ ತಾತ್ಕಾಲಿಕ ಅಣೆ ಕಟ್ಟುತ್ತಿದ್ದರು. ಶಾಶ್ವತ ಅಣೆ ಬಳಕೆಗೆ ಬಂದದ್ದು 2021ರಲ್ಲಿ. ಅದೂ ಒಂದು ಕಟ್ಟವೇ.

2017ರ ಆ ಬೇಸಗೆಯಲ್ಲಿ, ಹಲವು ವರ್ಷಗಳ ನಂತರ, ನಾನು ಸುರಂಗದ ಬಾಯಿಗೆ ಹೋದೆ. ಮಣ್ಣು ಕುಸಿದು ಮುಕ್ಕಾಲು ಮುಚ್ಚಿತ್ತು, ಬಾವಲಿಗಳಿದ್ದವು. ಒಳಗೆ ಹನಿಯುವ ಸದ್ದು ಕೇಳುತ್ತಿತ್ತು. ಸುರಂಗದ ಕೆಲಸ ಬಲ್ಲ ಮುದುಕರೊಬ್ಬರನ್ನು ಹುಡುಕಿ ಕರೆತಂದು ಮಣ್ಣು ತೆಗೆಸಿದೆವು. ನೀರು ತೋಟಕ್ಕೆ ಸಾಲದು. ಅಡುಗೆಗೂ ದನಗಳಿಗೂ ಸಾಲುತ್ತದೆ. ಆ ವರ್ಷದ ಡಿಸೆಂಬರಿನಲ್ಲಿ ನೆರೆಯ ಮೂರು ಮನೆಯವರು ಸೇರಿ ತೋಡಿಗೆ ಕಟ್ಟ ಹಾಕಿದೆವು. ಮಣ್ಣಿನ ಬದಲು ಪ್ಲಾಸ್ಟಿಕ್ ಹಾಳೆ, ಮರಳಿನ ಚೀಲ. ಮೊದಲ ವರ್ಷ ಅದು ಜನವರಿಯಲ್ಲೇ ಒಡೆಯಿತು. ಕಟ್ಟುವ ಹದ ಕೈ ತಪ್ಪಿಹೋಗಿತ್ತು. ಈಗ ನಿಲ್ಲುತ್ತದೆ.

ಮುನ್ನೋಟವನ್ನು ನಾನು ಹಗುರಾಗಿ ಕಾಣುವವನಲ್ಲ. ಬ್ಲಾನ್‌ಫರ್ಡನಿಂದ ಇಂದಿನವರೆಗೆ ಅದರ ಹಿಂದೆ ನೂರನಲವತ್ತು ವರ್ಷಗಳ ಶ್ರಮವಿದೆ. ಬಿಸಿಲಲ್ಲಿ ದುಡಿಯುವವರಿಗೆ ಅದು ಜೀವ ಉಳಿಸುವ ಮಾಹಿತಿ. ಆದರೆ ನಮ್ಮ ನೆಲದ ಮಟ್ಟಿಗೆ ಅದು ಬರುವುದು ಫೆಬ್ರವರಿಯ ಕೊನೆಗೆ. ಅಷ್ಟರಲ್ಲಿ ತೋಡಿನ ನೀರು ಕಡಲು ಸೇರಿರುತ್ತದೆ, ಕಟ್ಟುವ ಕಾಲ ಕಳೆದಿರುತ್ತದೆ. ಬೇಸಗೆ ಹೇಗಿರುತ್ತದೆಂದು ತಿಳಿದ ಮೇಲೆ ಸಿದ್ಧರಾಗುತ್ತೇವೆ ಎಂದರೆ ಕಾಸರಗೋಡಿನಲ್ಲಿ ಆಗುವ ಮಾತಲ್ಲ. ಧನುಮಾಸದಲ್ಲಿ ತೋಡು ಇನ್ನೂ ಹರಿಯುತ್ತಿರುವಾಗಲೇ ಮಾಡಬೇಕಾದ ಕೆಲಸ ಅದು. ಈ ಸಂಚಿಕೆ ಓದುಗರ ಕೈ ಸೇರುವ ಹೊತ್ತಿಗೆ ತೋಡುಗಳಲ್ಲಿ ನೀರಿದ್ದರೆ, ನೆರೆಮನೆಯವರನ್ನು ಒಮ್ಮೆ ಕೂಗಿ ಕರೆಯಿರಿ ಎಂಬುದಷ್ಟೇ ನನ್ನ ಅರಿಕೆ.